ಮನಿ ಪ್ಲಾಂಟ್ ಮತ್ತು ಗರಿಕೆ ಲಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯೊಳಗೆ ಮನಿ ಪ್ಲಾಂಟ್ ಇದೆ. ಹೊರಗೆ ಗೇಟಿನ ಪಕ್ಕ ಸುಮಾರು 100 ಚದರ ಅಡಿಯ ಗರಿಕೆ ಲಾನ್ ಇದೆ. ಬಂದವರು ಎರಡನ್ನೂ ನೋಡಿ ಏನಾದರೂ ಕೇಳೇ ಕೇಳುತ್ತಾರೆ. ಫೋನಿನಲ್ಲಿ, ಪತ್ರಗಳಲ್ಲಿ ಬರುವುದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟುಮಾಡಿದ್ದೇನೆ.

## ಶುರು ಮಾಡುವ ಮುಂಚೆ

ಒಂದು ಬಳ್ಳಿ, ಇನ್ನೊಂದು ಹುಲ್ಲು. ಇವೆರಡನ್ನು ಹೋಲಿಸೋದಾದ್ರೂ ಹೇಗೆ?

ಅವು ಹುಟ್ಟಿದ ಜಾಗವನ್ನು ನೋಡಿದರೆ ಸಾಕು, ಅರ್ಧ ಉತ್ತರ ಸಿಗುತ್ತದೆ. ಮನಿ ಪ್ಲಾಂಟ್‌ನ ತವರು ಪೆಸಿಫಿಕ್ ಸಾಗರದ ನಡುವೆ ಇರುವ ಮೊರಿಯಾ ಎಂಬ ದ್ವೀಪ. ಅಲ್ಲಿ ಅದು ದೊಡ್ಡ ಮರಗಳ ನೆರಳಿನಲ್ಲಿ ನೆಲದ ಮೇಲೆ ಹರಿದು, ಕಾಂಡ ಸಿಕ್ಕಿದಾಗ ಹತ್ತಿಕೊಂಡು ಬೆಳೆಯುವ ಗಿಡ. ನಮ್ಮ ಕೆಸು, ಸುವರ್ಣಗಡ್ಡೆ ಎಲ್ಲ ಇದರ ಕುಟುಂಬದವೇ. ಗರಿಕೆ ಹಾಗಲ್ಲ. ಅದು ಬಟ್ಟ ಬಯಲಿನ ಹುಲ್ಲು. ರಾಗಿ, ಭತ್ತ, ಕಬ್ಬಿನ ನೆಂಟ. ದನ ಮೇಯ್ದರೂ ತುಳಿದರೂ ಮತ್ತೆ ಚಿಗುರುವುದನ್ನು ಕಲಿತದ್ದು.

ನೆರಳಿನ ಗಿಡಕ್ಕೆ ಬಯಲಿನ ಆರೈಕೆ, ಬಯಲಿನ ಹುಲ್ಲಿಗೆ ನೆರಳಿನ ಆರೈಕೆ ಕೊಟ್ಟಾಗ ಎರಡೂ ಹಾಳಾಗುತ್ತವೆ. ನಾನು ನೋಡಿದ ಹೆಚ್ಚಿನ ಸೋಲುಗಳಿಗೆ ಇದೇ ಕಾರಣ.

ಹಾಗಾದ್ರೆ ಇವೆರಡರಲ್ಲಿ ಒಂದೇ ಥರ ಇರೋದು ಏನೂ ಇಲ್ವಾ?

ಇದೆ. ಎರಡೂ ಏಕದಳ ಸಸ್ಯಗಳು. ಎರಡೂ ಗೆಣ್ಣಿನಲ್ಲಿ ಬೇರು ಬಿಟ್ಟು ಹಬ್ಬುತ್ತವೆ. ಹಾಗಾಗಿ ಬೀಜ ಇಲ್ಲದೆ, ಒಂದು ತುಂಡಿನಿಂದಲೇ ಬೆಳೆಸಬಹುದು. ಇನ್ನೊಂದು ಚಂದದ ವಿಷಯ ಇದೆ. ಬೆಳಗಿನ ಜಾವ ಹುಲ್ಲಿನ ತುದಿಯಲ್ಲಿ ಕಾಣುವ ಹನಿಯೆಲ್ಲ ಇಬ್ಬನಿಯಲ್ಲ. ರಾತ್ರಿ ಬೇರು ಹೀರಿದ ಹೆಚ್ಚಿನ ನೀರನ್ನು ಹುಲ್ಲು ಎಲೆಯ ತುದಿಯಿಂದ ಹೊರಗೆ ಬಿಡುತ್ತದೆ. ಮನಿ ಪ್ಲಾಂಟ್ ಕೂಡ ಹಾಗೇ ಮಾಡುತ್ತದೆ. ಎಲೆಯ ತುದಿಯಿಂದ ನೆಲಕ್ಕೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದು ರೋಗವಲ್ಲ.

ನಮ್ಮದು ಪೂರ್ವ ದಿಕ್ಕಿನ ಬಾಲ್ಕನಿ. ಬೆಳಿಗ್ಗೆ ಎರಡು ಗಂಟೆ ಬಿಸಿಲು ಬರುತ್ತೆ. ಸ್ವಲ್ಪ ಜಾಗದಲ್ಲಿ ನಿಜವಾದ ಹುಲ್ಲು ಹಾಕ್ಲಾ?

ಬೇಡ. ಗರಿಕೆಗೆ ದಿನಕ್ಕೆ ಕಡಿಮೆಯೆಂದರೂ ಆರು ಗಂಟೆ ನೇರ ಬಿಸಿಲು ಬೇಕು. ಎರಡು ಗಂಟೆಯ ಬಿಸಿಲಿನಲ್ಲಿ ಮೊದಲ ತಿಂಗಳು ಹಸಿರಾಗಿಯೇ ಇರುತ್ತದೆ. ಆಮೇಲೆ ಕಡ್ಡಿ ಉದ್ದವಾಗಿ, ಸಪೂರವಾಗಿ, ಮಧ್ಯೆ ಮಣ್ಣು ಕಾಣಲು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಮೊದಲು ಹಾಕಿದ ಲಾನ್ ಹೀಗೇ ಹೋಯಿತು. ಹೊಂಗೆ ಮರದ ಬುಡದಲ್ಲಿ ಹಾಕಿದ್ದೆ. ಎರಡು ಸಲ ಹೊಸದಾಗಿ ನೆಟ್ಟ ಮೇಲೆ ಗೊತ್ತಾಯಿತು, ಕೊರತೆ ಇದ್ದದ್ದು ಗೊಬ್ಬರದ್ದಲ್ಲ, ಬೆಳಕಿನದು ಅಂತ.

ನಿಮ್ಮ ಬಾಲ್ಕನಿ ಮನಿ ಪ್ಲಾಂಟ್‌ಗೆ ಹೇಳಿ ಮಾಡಿಸಿದ ಜಾಗ. ಬೆಳಗಿನ ಎಳೆ ಬಿಸಿಲು ಅದಕ್ಕೆ ಒಳ್ಳೆಯದು. ಮಧ್ಯಾಹ್ನದ ಬಿಸಿಲು ಬಿದ್ದರೆ ಮಾತ್ರ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಂತೂ ಒಂದೇ ದಿನ ಸಾಕು.

ಬೆಳಕು ಅಳೆಯಲು ಉಪಕರಣ ಬೇಕಿಲ್ಲ. ಮಧ್ಯಾಹ್ನ ಆ ಜಾಗದಲ್ಲಿ ಕೈ ಚಾಚಿ. ನೆರಳು ಗೆರೆ ಎಳೆದಂತೆ ಸ್ಪಷ್ಟವಾಗಿ ಬಿದ್ದು, ಅಂಥ ಬಿಸಿಲು ಆರು ಗಂಟೆ ನಿಲ್ಲುವುದಾದರೆ ಅದು ಹುಲ್ಲಿನ ಜಾಗ. ನೆರಳು ಮಸುಕಾಗಿದ್ದರೆ ಮನಿ ಪ್ಲಾಂಟ್‌ನ ಜಾಗ. ನೆರಳೇ ಬೀಳದಿದ್ದರೆ ಮನಿ ಪ್ಲಾಂಟ್ ಬದುಕಿರುತ್ತದೆ ಅಷ್ಟೇ, ಬೆಳೆಯುವುದಿಲ್ಲ.

ಮೊದಲ ಸಲ ಗಿಡ ಬೆಳೆಸ್ತಿದ್ದೀನಿ ಅಕ್ಕಾ. ಯಾವುದು ಸುಲಭ?

ಮನಿ ಪ್ಲಾಂಟ್. ಅದನ್ನು ಒಂದು ವಾರ ಮರೆತು ಊರಿಗೆ ಹೋಗಿ ಬರಬಹುದು. ಹೊಸ ಲಾನ್ ಅನ್ನು ಮೊದಲ ಎರಡು ತಿಂಗಳು ಹಾಗೆ ಬಿಡಲು ಆಗುವುದಿಲ್ಲ. ಲಾನ್ ಎಂದರೆ ಸಾವಿರಾರು ಗಿಡಗಳನ್ನು ಒಂದೇ ಎತ್ತರದಲ್ಲಿ, ಒಂದೇ ಬಣ್ಣದಲ್ಲಿ ಇಡುವ ಕೆಲಸ. ಸಮಯವಿದ್ದರೆ ಮಾತ್ರ ಕೈ ಹಾಕಿ.

## ನೆಡುವುದು

ಪಕ್ಕದ ಮನೆಯಿಂದ ಒಂದು ಎಲೆ ತಂದು ನೀರಲ್ಲಿಟ್ಟೆ. ತಿಂಗಳಾಯ್ತು, ಎಲೆ ಹಸಿರಾಗೇ ಇದೆ, ಬಳ್ಳಿ ಮಾತ್ರ ಬರ್ತಿಲ್ಲ. ಯಾಕೆ?

ಎಲೆ ಮತ್ತು ಅದರ ತೊಟ್ಟು ಮಾತ್ರ ತಂದಿದ್ದೀರಿ. ಹೊಸ ಬಳ್ಳಿ ಹುಟ್ಟುವುದು ಗೆಣ್ಣಿನಿಂದ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲಿ ಸಣ್ಣ ಕಂದು ಮೊಳೆಯಂಥ ಉಬ್ಬು ಇರುತ್ತದೆ, ಅದೇ ಗಾಳಿಬೇರು. ಅದರ ಕೆಳಗೆ ಒಂದು ಇಂಚು ಬಿಟ್ಟು ಕತ್ತರಿಸಿ. ಆ ಗೆಣ್ಣು ನೀರಿನಲ್ಲಿ ಮುಳುಗಿರಲಿ, ಎಲೆ ಮುಳುಗುವುದು ಬೇಡ. ವಾರಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಬಿಳಿ ಬೇರು ಕಾಣುತ್ತದೆ.

ಕದ್ದು ತಂದರೆ ಮಾತ್ರ ಮನಿ ಪ್ಲಾಂಟ್ ಚೆನ್ನಾಗಿ ಬರುತ್ತದೆ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಕೇಳಿ ತನ್ನಿ. ಗೆಣ್ಣು ಇರುವ ತುಂಡನ್ನೇ ಕೊಡಿ ಎಂದು ಕೇಳಿ.

ಲಾನ್‌ಗೆ ಬೀಜ ಹಾಕೋದಾ, ಬೇರು ನೆಡೋದಾ, ಕಾರ್ಪೆಟ್ ತರೋದಾ?

ಅವಸರ ಇಲ್ಲದಿದ್ದರೆ ಬೇರು ನೆಡುವುದೇ ನನಗೆ ಇಷ್ಟ. ನರ್ಸರಿಯಲ್ಲಿ ಹುಲ್ಲಿನ ತುಂಡುಗಳು ಚೀಲದಲ್ಲಿ ಸಿಗುತ್ತವೆ. ಅವನ್ನು ನಾಲ್ಕು ನಾಲ್ಕು ಬೆರಳಿನ ಅಂತರದಲ್ಲಿ, ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ನೆಲ ಪೂರ್ತಿ ಮುಚ್ಚಲು ಎರಡರಿಂದ ಮೂರು ತಿಂಗಳು ಬೇಕು. ಕಾರ್ಪೆಟ್ ಎಂದರೆ ಬೇರೆ ಕಡೆ ಬೆಳೆಸಿ, ಮಣ್ಣಿನ ಸಮೇತ ಚಾಪೆಯಂತೆ ಕತ್ತರಿಸಿ ತಂದ ಹುಲ್ಲು. ಅದನ್ನು ತಂದರೆ ಅದೇ ದಿನ ಹಸಿರು. ಆದರೆ ದುಬಾರಿ, ಮತ್ತು ಅದರ ಜೊತೆ ಬೇರೆಯವರ ಹೊಲದ ಕಳೆಯೂ ಬರುತ್ತದೆ. ಬೀಜ ಸಾಮಾನ್ಯ ಗರಿಕೆಯದು ಮಾತ್ರ ಸಿಗುತ್ತದೆ. ಗಾಲ್ಫ್ ಮೈದಾನಗಳಲ್ಲಿ ಹಾಕುವ ಟಿಫ್‌ವೇಯಂಥ ಹೈಬ್ರಿಡ್‌ಗಳು ಬೀಜವನ್ನೇ ಕಟ್ಟುವುದಿಲ್ಲ. ಅವನ್ನು ತುಂಡಿನಿಂದಲೇ ಬೆಳೆಸಬೇಕು.

ಯಾವ ದಾರಿ ಹಿಡಿದರೂ ನೆಲ ಹದ ಮಾಡುವ ಕೆಲಸ ತಪ್ಪದು. ಮುಕ್ಕಾಲು ಅಡಿ ಅಗೆಯಿರಿ. ಕಲ್ಲು, ಸಿಮೆಂಟ್ ಚೂರು, ಹಳೆಯ ಬೇರು ಎಲ್ಲ ತೆಗೆಯಿರಿ. ಹೊಸ ಮನೆಗಳ ಸುತ್ತ ನೆಲದಲ್ಲಿ ಕಟ್ಟಡದ ಕಸವೇ ಜಾಸ್ತಿ ಇರುತ್ತದೆ. ಆಮೇಲೆ ನೀರು ಹಾಯಿಸಿ ಹತ್ತು ಹದಿನೈದು ದಿನ ಸುಮ್ನೆ ಬಿಡಿ. ಅಡಗಿರುವ ಕಳೆಯೆಲ್ಲ ತಲೆ ಎತ್ತುತ್ತದೆ. ಕಿತ್ತು, ಮತ್ತೊಮ್ಮೆ ಹೀಗೇ ಮಾಡಿ. ಈ ಒಂದು ತಿಂಗಳನ್ನು ಉಳಿಸಲು ಹೋದವರು ಮುಂದೆ ವರ್ಷಗಟ್ಟಲೆ ಕಳೆ ಕೀಳುತ್ತಾರೆ. ನೀರು ಮನೆಯ ಕಡೆ ಹರಿಯದಂತೆ ಇಳಿಜಾರು ಕೊಡಿ. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ನೆಟ್ಟರೆ ಮಳೆಯೇ ಅರ್ಧ ಕೆಲಸ ಮಾಡುತ್ತದೆ.

ಒಂದೇ ಮಣ್ಣು ಎರಡಕ್ಕೂ ಆಗುತ್ತಾ?

ಆಗುವುದಿಲ್ಲ. ಲಾನ್‌ಗೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಅದೇ ಕೆಂಪು ಮಣ್ಣನ್ನು ಕುಂಡಕ್ಕೆ ತುಂಬಿದರೆ ನಾಲ್ಕು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮನಿ ಪ್ಲಾಂಟ್‌ನ ಬೇರಿಗೆ ಗಾಳಿ ಬೇಕು. ಒಂದು ಪಾಲು ಮಣ್ಣು, ಒಂದು ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಮೇಲೆ ಎರಡು ಹಿಡಿ ದಪ್ಪ ಮರಳು ಹಾಕಿ ಕಲಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

## ನೀರು, ಗೊಬ್ಬರ, ಕತ್ತರಿ

ಎರಡಕ್ಕೂ ದಿನಾ ತಪ್ಪದೆ ನೀರು ಹಾಕ್ತೀನಿ. ಹುಲ್ಲು ಚೆನ್ನಾಗಿದೆ, ಮನಿ ಪ್ಲಾಂಟ್ ಮಾತ್ರ ಹಳದಿ ಆಗ್ತಿದೆ. ಇನ್ನೂ ಜಾಸ್ತಿ ನೀರು ಬೇಕಾ?

ನೀರು ಈಗಾಗಲೇ ಜಾಸ್ತಿಯಾಗಿದೆ. ಬಿಸಿಲಿನಲ್ಲಿರುವ ಹುಲ್ಲು ಬೆಳಿಗ್ಗೆ ಕುಡಿದ ನೀರನ್ನು ಸಂಜೆಯೊಳಗೆ ಆವಿ ಮಾಡಿಬಿಡುತ್ತದೆ. ಮನೆಯೊಳಗಿನ ಕುಂಡದಲ್ಲಿ ಅದೇ ನೀರು ವಾರಗಟ್ಟಲೆ ನಿಲ್ಲುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ತುಂಬಿದಾಗ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು, ಎಲೆ ಬಾಡುತ್ತದೆ. ಬಾಡಿದೆ ಅಂತ ನಾವು ಮತ್ತೆ ನೀರು ಹಾಕುತ್ತೇವೆ. ಹೀಗೇ ಗಿಡ ಹೋಗುತ್ತದೆ.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಆದರೂ ಆದೀತು. ಈಗಾಗಲೇ ಬುಡ ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕುಂಡದಿಂದ ತೆಗೆಯಿರಿ. ಕಪ್ಪಾದ ಬೇರನ್ನೆಲ್ಲ ಕತ್ತರಿಸಿ, ಗಟ್ಟಿಯಿರುವ ಬಳ್ಳಿಯಿಂದ ಹೊಸ ತುಂಡು ಮಾಡಿ ನೀರಿನಲ್ಲಿಡಿ.

'ನೀರಿನ ಬಾಟಲಿಯಲ್ಲಿ ಕೊಳೆಯದ ಗಿಡ ಒದ್ದೆ ಮಣ್ಣಿನಲ್ಲಿ ಯಾಕೆ ಕೊಳೆಯುತ್ತದೆ' ಎಂದು ಜಾಣರು ಕೇಳುತ್ತಾರೆ. ನೀರಿನಲ್ಲೇ ಹುಟ್ಟಿದ ಬೇರು ಅಲ್ಲಿರುವ ಆಮ್ಲಜನಕಕ್ಕೆ ಹೊಂದಿಕೊಂಡೇ ಬೆಳೆದಿರುತ್ತದೆ. ವಾರಕ್ಕೊಮ್ಮೆ ಹೊಸ ನೀರು ಸಿಗುತ್ತದೆ. ಮಣ್ಣಿನಲ್ಲಿ ಹುಟ್ಟಿದ ಬೇರಿಗೆ ಆ ಅಭ್ಯಾಸವಿಲ್ಲ, ಕೊಳೆಸುವ ಶಿಲೀಂಧ್ರವೂ ಪಕ್ಕದಲ್ಲೇ ಇರುತ್ತದೆ.

ಲಾನ್‌ಗೆ ಎಷ್ಟು ನೀರು ಬೇಕು? ನೀರಿಲ್ಲದ ಊರಲ್ಲಿ ಲಾನ್ ಹಾಕೋದು ಸರಿನಾ?

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಮಳೆಯಿಲ್ಲದ ದಿನಗಳಲ್ಲಿ ಲಾನ್‌ಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ಬೇಕು. ಅಂದರೆ 100 ಚದರ ಅಡಿಗೆ ವಾರಕ್ಕೆ 230 ಲೀಟರ್. 500 ಚದರ ಅಡಿಯಾದರೆ ತಿಂಗಳಿಗೆ 5,000 ಲೀಟರ್ ಹತ್ತಿರ ಹೋಗುತ್ತದೆ. ಒಂದು ಮನಿ ಪ್ಲಾಂಟ್‌ಗೆ ವಾರಕ್ಕೆ ಒಂದು ಲೀಟರ್ ಧಾರಾಳ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ಕೊರತೆ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದು ಎಂದು ಆದೇಶ ಮಾಡಿತು. ಮೀರಿದವರಿಗೆ 5,000 ರೂಪಾಯಿ ದಂಡ. ಆ ಎರಡು ತಿಂಗಳು ನಮ್ಮ ಲಾನ್‌ಗೆ ನಾನು ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಮಾತ್ರ ಹಾಕಿದೆ. ಹುಲ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಮೇ ತಿಂಗಳ ಮಳೆಗೆ ಮತ್ತೆ ಹಸಿರಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಮಳೆನೀರಿನ ಸಂಪು ಅಥವಾ ಬಳಸಿದ ನೀರಿನ ವ್ಯವಸ್ಥೆ ಇಲ್ಲದ ಮನೆಗೆ ದೊಡ್ಡ ಲಾನ್ ಬೇಡ. ಮಕ್ಕಳು ಕೂತು ಆಡುವಷ್ಟು ಜಾಗದಲ್ಲಿ ಹಾಕಿ, ಸಾಕು. ಹಾಕಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಬೆಳಗಿನ ಹೊತ್ತು ಕೊಡಿ. ರಾತ್ರಿಯಿಡೀ ಒದ್ದೆಯಾಗಿರುವ ಹುಲ್ಲಿಗೆ ಶಿಲೀಂಧ್ರ ಬೇಗ ಹತ್ತುತ್ತದೆ.

ಯಾವುದಕ್ಕೆ ಯಾವ ಗೊಬ್ಬರ?

ಹುಲ್ಲು ಹೊಟ್ಟೆಬಾಕ. ಕತ್ತರಿಸಿದಾಗಲೆಲ್ಲ ಸಾರಜನಕವನ್ನು ನಾವು ಹೊರಗೆ ಸಾಗಿಸುತ್ತಿರುತ್ತೇವೆ. ಕತ್ತರಿಸಿದ ಸಣ್ಣ ಚೂರುಗಳನ್ನು ಅಲ್ಲೇ ಬಿಟ್ಟರೆ ಒಂದಷ್ಟು ಮಣ್ಣಿಗೇ ಮರಳುತ್ತದೆ. ವರ್ಷಕ್ಕೊಮ್ಮೆ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ತೆಳ್ಳಗೆ ಹರಡಿ, ಬೇವಿನ ಹಿಂಡಿ ಬೆರೆಸಿ. ಮನಿ ಪ್ಲಾಂಟ್‌ಗೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಸಕ್ಕರೆ, ಹಾಲು ಬೆರೆತ ಟೀ ಚರಟವನ್ನು ಕುಂಡಕ್ಕೆ ಸುರಿಯಬೇಡಿ, ಇರುವೆ ಮತ್ತು ಬೂಸ್ಟು ಬರುತ್ತವೆ.

ಹುಲ್ಲನ್ನ ಅಷ್ಟು ಕತ್ತರಿಸಿದ್ರೂ ಸಾಯಲ್ಲ. ಮನಿ ಪ್ಲಾಂಟ್ ತುದಿ ಕತ್ತರಿಸಿದ್ರೆ ಆ ಬಳ್ಳಿ ಅಲ್ಲೇ ನಿಂತುಬಿಡುತ್ತೆ. ಯಾಕೆ ಹೀಗೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹೆಚ್ಚಿನ ಗಿಡಗಳು ಬೆಳೆಯುವುದು ತುದಿಯಲ್ಲಿ. ಮನಿ ಪ್ಲಾಂಟ್‌ನ ತುದಿ ತೆಗೆದರೆ ಆ ಬಳ್ಳಿಯ ಮುನ್ನಡೆ ಮುಗಿಯಿತು. ಆದರೆ ಗಿಡ ನಿಲ್ಲುವುದಿಲ್ಲ. ತುದಿಯಿಂದ ಬರುತ್ತಿದ್ದ ತಡೆ ಹೋದ ಮೇಲೆ ಕೆಳಗಿನ ಗೆಣ್ಣುಗಳಲ್ಲಿ ಮಲಗಿದ್ದ ಮೊಗ್ಗು ಏಳುತ್ತದೆ. ಒಂದೇ ಉದ್ದ ಬಳ್ಳಿ ಜೋತಾಡುತ್ತಿದ್ದರೆ ಧೈರ್ಯವಾಗಿ ತುದಿ ಕತ್ತರಿಸಿ, ಆ ತುಂಡನ್ನು ಅದೇ ಕುಂಡದಲ್ಲಿ ನೆಡಿ. ಕುಂಡ ತುಂಬಿಕೊಳ್ಳುವುದು ಹೀಗೇ.

ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ಹಳೆಯ ಭಾಗ ಮೇಲಕ್ಕೆ ಹೋಗುತ್ತಿರುತ್ತದೆ, ಹೊಸದು ಕೆಳಗೆ ಹುಟ್ಟುತ್ತಿರುತ್ತದೆ. ಮೆಷಿನ್ ಕತ್ತರಿಸುವುದು ಹಳೆಯ ತುದಿಯನ್ನು ಮಾತ್ರ. ಹಸು ಮೇಯುವ ನೆಲದಲ್ಲಿ ಉಳಿಯಬೇಕಾದ ಗಿಡಕ್ಕೆ ಬೇರೆ ದಾರಿ ಇರಲಿಲ್ಲ. ಹಾಗಂತ ಬುಡದವರೆಗೆ ಬೋಳಿಸಬೇಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮನೆಯ ಗರಿಕೆ ಲಾನ್ ಒಂದರಿಂದ ಒಂದೂವರೆ ಇಂಚು ಇದ್ದರೆ ಚೆನ್ನ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ. ಬ್ಲೇಡು ಮೊಂಡಾಗಿದ್ದರೆ ಎಲೆ ಹರಿದು, ಮಾರನೇ ದಿನ ಇಡೀ ಲಾನ್ ಬಿಳಿಚಿದಂತೆ ಕಾಣುತ್ತದೆ.

## ತೊಂದರೆಗಳು

ಲಾನ್ ಮಧ್ಯೆ ಅಲ್ಲಲ್ಲಿ ಒಣಗಿದ ತೇಪೆ ಬಂದಿದೆ. ನೀರು ಹಾಕಿದ್ರೂ ಸರಿ ಹೋಗ್ತಿಲ್ಲ.

ಆ ಜಾಗದ ಹುಲ್ಲನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಚಾಪೆಯಂತೆ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿಂದಿದೆ. ಮಣ್ಣು ಕೆದಕಿದರೆ ಬಿಳಿ, ಬಾಗಿದ ಹುಳುಗಳು ಕಾಣುತ್ತವೆ. ಆರಿಸಿ ತೆಗೆಯಿರಿ, ಮೈನಾ ಹಕ್ಕಿಗಳು ಉಳಿದ ಕೆಲಸ ಮಾಡುತ್ತವೆ. ಮುಂದಿನ ಸಲ ಅರ್ಧ ಕಳಿತ ಗೊಬ್ಬರ ಹಾಕಬೇಡಿ. ಈ ಹುಳು ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಎಳೆದರೂ ಹುಲ್ಲು ಗಟ್ಟಿಯಾಗಿದ್ದು, ತೇಪೆಯ ಅಂಚಿನಲ್ಲಿ ಮಾತ್ರ ಕಡು ಹಸಿರು ಇದ್ದರೆ ಅದು ನಾಯಿ ಉಚ್ಚೆಯ ಗುರುತು. ಆ ಜಾಗಕ್ಕೆ ಎರಡು ಬಕೆಟ್ ನೀರು ಸುರಿಯಿರಿ.

ಎಲೆ ಸಂದಿಯಲ್ಲಿ ಬಿಳಿ ಹತ್ತಿ ಥರ ಏನೋ ಇದೆ.

ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಹೊಸ ಕುಂಡ ತಂದಾಗ ಎರಡು ವಾರ ಬೇರೆಯಾಗಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ಜೇಕು ಎಷ್ಟು ಕಿತ್ರೂ ಬರುತ್ತೆ. ಏನು ಮಾಡ್ಲಿ?

ಕೈಯಲ್ಲಿ ಎಳೆದರೆ ಮೇಲಿನ ಎಲೆ ಮಾತ್ರ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ ಚೂಪು ಸಲಿಕೆಯಿಂದ ಗಡ್ಡೆ ಸಮೇತ ತೆಗೆಯಿರಿ. ಒಂದೇ ದಿನದಲ್ಲಿ ಮುಗಿಯುವ ಕೆಲಸ ಅಲ್ಲ. ಹುಲ್ಲು ದಟ್ಟವಾದಷ್ಟೂ ಜೇಕಿಗೆ ಬೆಳಕು ಕಡಿಮೆಯಾಗುತ್ತದೆ.

ಮನೆಯಲ್ಲಿ ಅಂಬೆಗಾಲಿಡೋ ಮಗು ಇದೆ, ಬೆಕ್ಕೂ ಇದೆ. ಮನಿ ಪ್ಲಾಂಟ್ ಇಡಬಹುದಾ?

ಕೈಗೆ, ಬಾಯಿಗೆ ಎಟುಕದ ಎತ್ತರದಲ್ಲಿ ಇಡಿ. ಹಸಿ ಕೆಸು ತಿಂದರೆ ಬಾಯಿ ತುರಿಸುತ್ತದಲ್ವಾ? ಇದರಲ್ಲೂ ಅದೇ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಜಗಿದರೆ ಬಾಯಿ ಉರಿ, ಜೊಲ್ಲು, ಊತ, ವಾಂತಿ ಆಗಬಹುದು. ಬಾಯಿ ತೊಳೆಸಿ, ವೈದ್ಯರಿಗೆ ತೋರಿಸಿ. ಬೆಕ್ಕು ನಾಯಿಗಳಿಗೂ ಇದು ಆಗದು. ಗರಿಕೆಯಿಂದ ಈ ಭಯವಿಲ್ಲ. ಔಷಧಿ ಸಿಂಪಡಿಸಿದ ಲಾನ್ ಆಗಿದ್ದರೆ ಮಾತ್ರ ಹುಷಾರು. ಗಣಪತಿ ಹಬ್ಬಕ್ಕೆ ನಮ್ಮ ಲಾನ್‌ನಿಂದಲೇ ಗರಿಕೆ ಕೀಳುವುದರಿಂದ ನಾನು ಯಾವ ರಾಸಾಯನಿಕವನ್ನೂ ಹಾಕುವುದಿಲ್ಲ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಪಾರ್ಕಿನ ಮರದ ಮೇಲೆ ಮೊರದಷ್ಟು ಅಗಲದ ಎಲೆ ನೋಡಿದೆ. ಅದು ಬೇರೆ ಜಾತಿನಾ?

ಅದೂ ಇದೇ ಗಿಡ. ನೆಲದಲ್ಲಿ ಹರಿಯುವಾಗ, ಕೆಳಗೆ ಜೋತಾಡುವಾಗ ಮನಿ ಪ್ಲಾಂಟ್ ಎಳೆಯ ರೂಪದಲ್ಲೇ ಇರುತ್ತದೆ. ಕಾಂಡಕ್ಕೆ ಬೇರು ಹಚ್ಚಿ ಮೇಲೇರಲು ಶುರುಮಾಡಿದರೆ ಒಂದೊಂದು ಎಲೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಕೊನೆಗೆ ಅಂಚು ಸೀಳಿಕೊಳ್ಳುತ್ತದೆ. ಮನೆಯಲ್ಲಿ ತೆಂಗಿನ ನಾರು ಸುತ್ತಿದ ಕೋಲು ಕೊಡಿ, ಆ ನಾರನ್ನು ಒದ್ದೆಯಾಗಿಡಿ. ಮರದಷ್ಟು ಆಗದಿದ್ದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮನಿ ಪ್ಲಾಂಟ್ ಹೂ ಬಿಡೋದನ್ನ ಯಾರೂ ನೋಡಿಲ್ವಾ?

ತೀರಾ ಅಪರೂಪ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಈ ಗಿಡ ಸರಿಯಾಗಿ ತಯಾರಿಸುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೊರಗಿನಿಂದ ಅದನ್ನು ಸಿಂಪಡಿಸಿದಾಗ ಹೂ ಬಂತು. ಹಾಗಾಗಿ ನಮ್ಮ ಮನೆಗಳಲ್ಲಿರುವ ಮನಿ ಪ್ಲಾಂಟ್ ಎಲ್ಲ ತುಂಡಿನಿಂದ ತುಂಡಾಗಿ ಬಂದದ್ದು. ಗರಿಕೆ ಹಾಗಲ್ಲ. ಕತ್ತರಿಸುವುದು ತಡವಾದರೆ ಬೆರಳು ಬಿಡಿಸಿದಂಥ ಪುಟ್ಟ ತೆನೆ ತೋರಿಸಿಬಿಡುತ್ತದೆ.

ಮನಿ ಪ್ಲಾಂಟ್ ಗಾಳಿ ಶುದ್ಧ ಮಾಡುತ್ತೆ ಅಂತ ನಾಸಾದವರೇ ಹೇಳಿದ್ದಾರಲ್ಲ?

ನಾಸಾದ ಆ ವರದಿ 1989ರದು. ಪರೀಕ್ಷೆ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಕೋಣೆಗೆ ಕಿಟಕಿ, ಬಾಗಿಲು ಇವೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಹಳೆಯ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1,000 ಗಿಡ ಬೇಕಂತೆ. ಕಿಟಕಿ ತೆಗೆಯಿರಿ. ಮನಿ ಪ್ಲಾಂಟ್ ಅನ್ನು ಅದರ ಚೆಲುವಿಗಾಗಿ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಸತ್ತಂತೆ ಇದ್ದ ಗರಿಕೆ ಮಳೆಗೆ ಎದ್ದು ಬರುತ್ತೆ. ಮನಿ ಪ್ಲಾಂಟ್ ಒಂದು ಸಲ ಒಣಗಿದ್ರೆ ಮುಗೀತು. ಯಾಕೆ?

ಗರಿಕೆಗೆ ನೆಲದ ಮೇಲೆ ಹರಿಯುವ ಕಾಂಡ ಒಂದು, ನೆಲದೊಳಗೆ ಹರಿಯುವ ಕಾಂಡ ಇನ್ನೊಂದು. ಮೇಲಿನದು ಒಣಗಿದರೂ ಒಳಗಿನದು ಆಹಾರ ಕೂಡಿಟ್ಟುಕೊಂಡು ಮಲಗಿರುತ್ತದೆ. ಜೊತೆಗೆ ಕಬ್ಬು, ಜೋಳದಂತೆ ಇದೂ ಸಿ4 ಎಂಬ ಗುಂಪಿನ ಸಸ್ಯ. ಸುಡು ಬಿಸಿಲಿನಲ್ಲೂ ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ಮಾಡಿಕೊಳ್ಳುತ್ತದೆ. ಈ ಗುಣಕ್ಕೇ ಹೊಲದಲ್ಲಿ ರೈತ ಬೈಯುತ್ತಾನೆ, ಇದೇ ಗುಣಕ್ಕೆ ಉತ್ತರ ಕರ್ನಾಟಕದಲ್ಲಿ 'ಕರಕಿ ಹಬ್ಬಿದಂಗ ಹಬ್ಬಲಿ' ಎಂದು ಮನೆತನವನ್ನು ಹರಸುತ್ತಾರೆ. ಮನಿ ಪ್ಲಾಂಟ್‌ನ ತವರಿನಲ್ಲಿ ಅಷ್ಟು ಉದ್ದದ ಬರಗಾಲ ಬರುವುದಿಲ್ಲ. ನೆಲದೊಳಗೆ ಉಳಿತಾಯ ಮಾಡುವ ಅಗತ್ಯ ಅದಕ್ಕೆ ಬೀಳಲಿಲ್ಲ.

ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಚಳಿಗಾಲದಲ್ಲಿ ಎರಡೂ ಉಳಿಯುತ್ತಾ?

ಮನಿ ಪ್ಲಾಂಟ್ ಮನೆಯೊಳಗೆ ಹೀಟರ್ ಇರುವುದರಿಂದ ಉಳಿಯುತ್ತದೆ. ಕಿಟಕಿಯ ತಣ್ಣನೆ ಗಾಜಿಗೆ ಎಲೆ ತಾಗದಿರಲಿ. ಚಳಿಗಾಲದಲ್ಲಿ ನೀರು ಇನ್ನೂ ಕಡಿಮೆ ಮಾಡಲಿ. ಹುಲ್ಲಿನ ವಿಷಯ ಊರಿನ ಮೇಲೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ಗರಿಕೆಯನ್ನೇ ಬರ್ಮುಡಾ ಗ್ರಾಸ್ ಎಂದು ಲಾನ್‌ಗೆ ಹಾಕುತ್ತಾರೆ. ಅದು ಚಳಿಗೆ ಕಂದಾಗಿ ಮಲಗಿ ವಸಂತದಲ್ಲಿ ಏಳುತ್ತದೆ. ಷಿಕಾಗೊ ಕಡೆ ಕೆಂಟಕಿ ಬ್ಲೂಗ್ರಾಸ್‌ನಂಥ ಚಳಿ ತಡೆಯುವ ಹುಲ್ಲುಗಳೇ ಸರಿ.

ಊರಲ್ಲಿ ತೋಟ ಇದೆ, ಮಲೆನಾಡು. ಜಾಸ್ತಿಯಾದ ಮನಿ ಪ್ಲಾಂಟ್ ಬಳ್ಳಿನ ಕಾಡಿನ ಅಂಚಿಗೆ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಒಂದು ಗೆಣ್ಣು ಸಾಕು ಅದಕ್ಕೆ. ಶ್ರೀಲಂಕಾದಲ್ಲಿ, ಹವಾಯಿಯಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು ಕಾಡಿನ ನೆಲ ಮುಚ್ಚಿ, ಮರ ಹತ್ತಿ, ಅಲ್ಲಿನ ಸಸಿಗಳು ಏಳದಂತೆ ಮಾಡಿದೆ. ಮಲೆನಾಡಿನ ನೆರಳು, ಮಳೆ, ಮರ ಎಲ್ಲವೂ ಅದರ ತವರಿನಂತೆಯೇ ಇವೆ. ಕತ್ತರಿಸಿದ ಬಳ್ಳಿಯನ್ನು ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ, ಗೆಣ್ಣು ಗರಗರ ಮುರಿಯುವಷ್ಟು ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ.